ಸರ್ವರ್ ಬಿದ್ದರೆ ವಿದ್ಯಾರ್ಥಿ ಫೇಲು

ಪರೀಕ್ಷೆಯನ್ನು ಕಾಗದದಿಂದ ಕಂಪ್ಯೂಟರಿಗೆ ಏರಿಸಿದರೆ ಅದು ತಾನಾಗಿ ಶುದ್ಧವಾಗುತ್ತದೆ ಎಂಬ ನಂಬಿಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈಗ ಚರ್ಚೆಯ ವಿಷಯವಾಗಿಯೂ ಉಳಿದಿಲ್ಲ. ಸಭೆಯಲ್ಲಿ ಯಾರಾದರೂ ಎದ್ದು ‘ಡಿಜಿಟಲ್ ಪರೀಕ್ಷೆ’ ಎಂದರೆ ಸಾಕು, ಉಳಿದವರು ತಲೆಯಾಡಿಸುತ್ತಾರೆ. ಪ್ರಶ್ನೆಪತ್ರಿಕೆ ಸೋರುವುದಿಲ್ಲ, ಮೌಲ್ಯಮಾಪಕರ ಮನಸ್ಸಿನ ಏರಿಳಿತಕ್ಕೆ ಅಂಕ ಬಲಿಯಾಗುವುದಿಲ್ಲ, ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕಿಲ್ಲ ಎನ್ನುತ್ತಾರೆ. ವಿದ್ಯಾರ್ಥಿಗಳ ಮಾತು ಬಂದರೆ ಉತ್ತರ ಇನ್ನೂ ಸರಾಗ: ಈ ಕಾಲದ ಮಕ್ಕಳು ಮೊಬೈಲ್ ಹಿಡಿದುಕೊಂಡೇ ಬೆಳೆದವರು, ಅವರಿಗೇನು ಕಷ್ಟ?

ಪದವಿ ತರಗತಿಗಳಿಗೆ ಪಾಠ ಹೇಳುವ ನಾನು ಈ ನಂಬಿಕೆಯನ್ನು ಪೂರ್ತಿಯಾಗಿ ವಿರೋಧಿಸುತ್ತೇನೆ. ಕಂಪ್ಯೂಟರಿನ ಮೇಲೆ ನನಗೆ ಹಗೆಯಿಲ್ಲ. ಆ ಯಂತ್ರದ ಹೆಸರಿನಲ್ಲಿ ಒಂದು ಹೊಣೆ ಕೈಬದಲಾಗಿದೆ, ನನ್ನ ತಕರಾರು ಅದರ ಬಗ್ಗೆ. ಪರೀಕ್ಷೆಯೆಂದರೆ ಇಬ್ಬರ ನಡುವಿನ ಕರಾರು. ಓದಿಕೊಂಡು ಬರುವುದು ವಿದ್ಯಾರ್ಥಿಯ ಪಾಲು. ಕೊಠಡಿ, ಡೆಸ್ಕು, ಬೆಳಕು, ಉತ್ತರಪತ್ರಿಕೆ, ಗಂಟೆ, ಮೇಲ್ವಿಚಾರಕರು, ಸರಿಯಾಗಿ ಎಣಿಸಿದ ಅಂಕ ಇವೆಲ್ಲ ವಿಶ್ವವಿದ್ಯಾಲಯದ ಪಾಲು. ಮಳೆಗೆ ಕೊಠಡಿ ಸೋರಿದರೆ, ಉತ್ತರಪತ್ರಿಕೆ ಸಾಲದೆ ಹೋದರೆ ತಪ್ಪು ಯಾರದೆಂಬ ಬಗ್ಗೆ ಎರಡನೇ ಮಾತಿರಲಿಲ್ಲ. ಡಿಜಿಟಲ್ ಪರೀಕ್ಷೆ ಬಂದ ಮೇಲೆ ಸಂಸ್ಥೆಯ ಪಾಲಿನ ಬಹುಭಾಗ ವಿದ್ಯಾರ್ಥಿಯ ಹೆಗಲೇರಿದೆ. ಯಂತ್ರ ಅವನು ತರಬೇಕು, ನೆಟ್‌ವರ್ಕ್ ಅವನು ಹುಡುಕಬೇಕು, ಕೀಲಿಮಣೆ ಅವನೇ ಕಲಿತುಕೊಂಡಿರಬೇಕು, ಏನಾದರೂ ಕೆಟ್ಟರೆ ತನ್ನದೇನೂ ತಪ್ಪಿಲ್ಲವೆಂದು ಅವನೇ ಸಾಬೀತು ಮಾಡಬೇಕು. ಇದನ್ನು ಸುಧಾರಣೆಯೆಂದು ಕರೆಯಲು ನಾನು ಸಿದ್ಧನಿಲ್ಲ.

ಯಂತ್ರ ಕೆಡುವುದು ಅಪರೂಪ ಎನ್ನುವವರು ಹಿಂದಿನ ವರ್ಷಗಳನ್ನು ಒಮ್ಮೆ ತಿರುವಿ ಹಾಕಲಿ. ಐಐಎಂಗಳ ಕ್ಯಾಟ್ ಪರೀಕ್ಷೆ 2009ರಲ್ಲಿ ಮೊದಲ ಸಲ ಕಂಪ್ಯೂಟರಿಗೆ ಬಂತು. ನವೆಂಬರ್ 28ರಂದು, ಶುರುವಾದ ದಿನವೇ, ಹಲವು ಕೇಂದ್ರಗಳಲ್ಲಿ ಯಂತ್ರಗಳು ಕೈಕೊಟ್ಟವು. ಪರೀಕ್ಷೆಯ ಗುತ್ತಿಗೆ ಹಿಡಿದಿದ್ದ ಸಂಸ್ಥೆ ವೈರಸ್‌ಗಳತ್ತ ಬೆರಳು ತೋರಿಸಿತು. ಸಾವಿರಾರು ಮಂದಿ 2010ರ ಜನವರಿಯಲ್ಲಿ ಮತ್ತೆ ಬರೆಯಬೇಕಾಯಿತು. ಅದು ಮೊದಲ ಸಲ, ಕಲಿಯುವ ಹಂತ ಎಂದುಕೊಳ್ಳೋಣ. ಹದಿಮೂರು ವರ್ಷದ ಬಳಿಕ, 2022ರಲ್ಲಿ, ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಬಂತು. ಆಗಸ್ಟ್ 4ರಂದು ಎರಡನೇ ಪಾಳಿಯ ಪ್ರಶ್ನೆಪತ್ರಿಕೆ ಕೇಂದ್ರಗಳನ್ನು ತಲುಪುವಷ್ಟರಲ್ಲಿ ಸಂಜೆ ಐದು ದಾಟಿತ್ತು. 489 ಕೇಂದ್ರಗಳಲ್ಲಿ ಆ ಪಾಳಿಯನ್ನೇ ಕೈಬಿಡಲಾಯಿತು. ಮಧ್ಯಾಹ್ನದಿಂದ ಕಾದು ಕೂತಿದ್ದ ಮಕ್ಕಳಿಗೆ ಮನೆಗೆ ಹೋಗಿ ಎಂದರು. ಇನ್ನು ಬೆಂಗಳೂರನ್ನೇ ನೋಡಿ. ಮಾಹಿತಿ ತಂತ್ರಜ್ಞಾನದ ರಾಜಧಾನಿ ಎಂದು ನಾವು ಹೆಮ್ಮೆಪಡುವ ಊರಿದು. 2025ರ ಜನವರಿ 22ರಂದು ಇಲ್ಲಿನ ಒಂದು ಕೇಂದ್ರದಲ್ಲಿ ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಬರೆಯಲು ಬಂದ 114 ಅಭ್ಯರ್ಥಿಗಳಿಗೆ ತಾಂತ್ರಿಕ ತೊಂದರೆಯಿಂದ ಪರೀಕ್ಷೆ ಬರೆಯಲಾಗಲಿಲ್ಲ. ಅವರಿಗೆ ಬೇರೆ ದಿನ ಗೊತ್ತುಮಾಡಲಾಯಿತು.

ಬೇರೆ ದಿನ ಕೊಟ್ಟರಲ್ಲ, ಮತ್ತೇನು ಎನ್ನಬಹುದು. ಆ ಬೇರೆ ದಿನದ ಬೆಲೆ ಯಾರು ತೆರುತ್ತಾರೆ ಎಂಬುದೇ ಪ್ರಶ್ನೆ. ಹಳ್ಳಿಯಿಂದ ಬರುವ ಹುಡುಗಿಗೆ ಪರೀಕ್ಷೆಯೆಂದರೆ ಹಿಂದಿನ ರಾತ್ರಿಯ ಬಸ್ಸು, ಜೊತೆಗೆ ಬರುವ ಅಪ್ಪನ ಒಂದು ದಿನದ ಕೂಲಿ, ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಒಂದು ರಾತ್ರಿ. ಇವೆಲ್ಲಕ್ಕಿಂತ ದೊಡ್ಡದು ತಿಂಗಳುಗಟ್ಟಲೆ ಓದಿ ಆ ಒಂದು ಬೆಳಗ್ಗೆಗೆಂದು ಹದಗೊಳಿಸಿಕೊಂಡ ಮನಸ್ಸು. ಸರ್ವರ್ ಬಿದ್ದಾಗ ಇದಿಷ್ಟೂ ನೀರುಪಾಲು. ಕಾಗದದ ಪರೀಕ್ಷೆಯಲ್ಲಿ ಒಂದು ಕೊಠಡಿಯ ತೊಂದರೆ ಆ ಕೊಠಡಿಯಲ್ಲೇ ನಿಲ್ಲುತ್ತಿತ್ತು, ಮುಖ್ಯ ಅಧೀಕ್ಷಕರು ಪಕ್ಕದ ಕೊಠಡಿಯ ಬೀಗ ತೆಗೆಸಿದರೆ ಮುಗಿಯಿತು. ಇಲ್ಲಿ ಎಲ್ಲೋ ಒಂದು ಕಡೆ ತಂತು ಕಡಿದರೆ ನೂರಾರು ಕೇಂದ್ರ ಒಟ್ಟಿಗೆ ಕತ್ತಲಾಗುತ್ತವೆ, ಕೇಂದ್ರದಲ್ಲಿರುವ ಯಾರಿಗೂ ಅದನ್ನು ಸರಿಪಡಿಸುವ ಅಧಿಕಾರವಾಗಲಿ ತಿಳಿವಳಿಕೆಯಾಗಲಿ ಇರುವುದಿಲ್ಲ. ಮಕ್ಕಳ ಎದುರು ನಿಂತಿರುವ ಮೇಲ್ವಿಚಾರಕರೂ ಅವರಷ್ಟೇ ಅಸಹಾಯಕರು.

ಈ ಚರ್ಚೆಯಲ್ಲಿ ನಾವೆಲ್ಲ ಮನಸ್ಸಿಟ್ಟು ಓದಬೇಕಾದದ್ದು ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆಯ ಚರಿತ್ರೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಕ್ಲಾಟ್ 2015ರಲ್ಲಿ ಕಾಗದ ಬಿಟ್ಟು ಕಂಪ್ಯೂಟರಿಗೆ ಹೋಯಿತು. 2018ರ ಮೇ ತಿಂಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆಯಲ್ಲಿ ಹಲವು ಕಡೆ ಪರದೆ ಸ್ತಬ್ಧವಾಯಿತು, ಲಾಗಿನ್ ಕಡಿದುಹೋಯಿತು, ಕರೆಂಟು ಹೋಯಿತು. ದೂರು ಸುಪ್ರೀಂ ಕೋರ್ಟಿನ ತನಕ ಹೋಗಿ, ಸಮಯ ಕಳೆದುಕೊಂಡ 4,690 ಅಭ್ಯರ್ಥಿಗಳಿಗೆ ಒಂದು ಗಣಿತ ಸೂತ್ರದ ಮೂಲಕ ಪರಿಹಾರದ ಅಂಕ ಕೊಡುವುದೆಂದು ತೀರ್ಮಾನವಾಯಿತು. ಅವರು ಬರೆದಷ್ಟು ಹೊತ್ತು ಯಾವ ವೇಗದಲ್ಲಿ ಎಷ್ಟು ಸರಿ ಉತ್ತರ ಕೊಟ್ಟಿದ್ದರೋ ಅದರ ಲೆಕ್ಕದಲ್ಲಿ ಕಳೆದುಹೋದ ನಿಮಿಷಗಳಿಗೂ ಅಂಕ. ಅಂದರೆ ಅವರು ಉತ್ತರಿಸದೇ ಇದ್ದ ಪ್ರಶ್ನೆಗಳಿಗೂ ಅಂಕ ಬಂತು, ಆ ಅಂಕದ ಮೇಲೆ ರ‍್ಯಾಂಕ್ ಪಟ್ಟಿ ಬದಲಾಯಿತು. ನ್ಯಾಯಾಲಯಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಪರೀಕ್ಷೆಯೊಂದು ಇಂಥ ಊಹೆಯ ಅಂಕಕ್ಕೆ ಬಂದು ನಿಂತ ಮೇಲೆ ಅದನ್ನು ನಿಖರ, ವಸ್ತುನಿಷ್ಠ ಎಂದು ಹೊಗಳಲು ನಮಗೆ ಹಕ್ಕಿಲ್ಲ. ಮರುವರ್ಷ, 2019ರಲ್ಲಿ, ಕ್ಲಾಟ್ ಕಾಗದಕ್ಕೆ ಮರಳಿತು.

ಅಷ್ಟಕ್ಕೇ ಮುಗಿಯಲಿಲ್ಲ. 2020ರಲ್ಲಿ ಕೊರೊನಾ ಕಾರಣಕ್ಕೆ ಕ್ಲಾಟ್ ಮತ್ತೆ ಮತ್ತೆ ಮುಂದಕ್ಕೆ ಹೋದಾಗ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಅದರಿಂದ ಹೊರಬಂದು ಎನ್‌ಎಲ್‌ಎಟಿ ಎಂಬ ತನ್ನದೇ ಪರೀಕ್ಷೆಯನ್ನು ಸೆಪ್ಟೆಂಬರ್ 12ಕ್ಕೆ ಇಟ್ಟಿತು. ಮನೆಯಲ್ಲೇ ಕೂತು ಕ್ಯಾಮೆರಾದ ಕಣ್ಣೆದುರು ಬರೆಯುವ ಪರೀಕ್ಷೆ. ತಿಂಗಳ ಮೊದಲ ವಾರದಲ್ಲಿ ಪ್ರಕಟಣೆ, ಎರಡನೇ ವಾರದಲ್ಲಿ ಪರೀಕ್ಷೆ. ಎಂಥ ಯಂತ್ರವಿರಬೇಕು, ಇಂಟರ್‌ನೆಟ್ ಎಷ್ಟು ವೇಗದ್ದಿರಬೇಕು ಎಂಬ ಷರತ್ತುಗಳು ಪ್ರಕಟಣೆಯ ಬಳಿಕವೂ ಬದಲಾದವು. ಪರೀಕ್ಷೆಯ ದಿನ ಲಾಗಿನ್ ಆಗಲಾರದವರ ಗೋಳು ಒಂದೆಡೆ, ಪ್ರಶ್ನೆಗಳು ಮೊಬೈಲುಗಳಲ್ಲಿ ಹರಿದಾಡಿದ ದೂರು ಇನ್ನೊಂದೆಡೆ. ಸೆಪ್ಟೆಂಬರ್ 14ಕ್ಕೆ ಮತ್ತೊಂದು ಪರೀಕ್ಷೆ. ಆ ಶಾಲೆಯ ಮಾಜಿ ಕುಲಪತಿಗಳೇ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಸೆಪ್ಟೆಂಬರ್ 21ರಂದು ನ್ಯಾಯಾಲಯ ಇಡೀ ಪರೀಕ್ಷೆಯನ್ನು ರದ್ದುಮಾಡಿ, ಕ್ಲಾಟ್ ಮೂಲಕವೇ ಪ್ರವೇಶ ಕೊಡಿ ಎಂದಿತು. ಮನೆಯಿಂದ ಬರೆಸುವ ಪರೀಕ್ಷೆಯಲ್ಲಿ ಪಾರದರ್ಶಕತೆಯನ್ನೂ ಪ್ರಾಮಾಣಿಕತೆಯನ್ನೂ ಕಾಪಾಡಲಾಗದು, ತಾಂತ್ರಿಕ ಷರತ್ತುಗಳು ಹಲವರ ಅವಕಾಶವನ್ನೇ ಕಸಿಯುತ್ತವೆ ಎಂಬುದು ಆ ತೀರ್ಪಿನ ತಿರುಳು. ದೇಶದ ಅತ್ಯುತ್ತಮ ಕಾನೂನು ಪಂಡಿತರಿರುವ, ಬೆಂಗಳೂರಿನಂಥ ನಗರದಲ್ಲಿರುವ ಸಂಸ್ಥೆಯ ಕೈಯಲ್ಲೇ ನಿಲ್ಲದ ಪರೀಕ್ಷೆ ಇದು. ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ಉಸಿರಾಡುತ್ತಿರುವ ನಮ್ಮ ತಾಲೂಕು ಕೇಂದ್ರಗಳ ಕಾಲೇಜುಗಳ ಕೈಯಲ್ಲಿ ನಿಂತೀತೆಂದು ಯಾವ ಧೈರ್ಯದ ಮೇಲೆ ಹೇಳುತ್ತೀರಿ? ಆ ವರ್ಷ ಕೇಂದ್ರಗಳಲ್ಲಿ ಕಂಪ್ಯೂಟರಿನ ಮೇಲೆ ನಡೆದ ಕ್ಲಾಟ್ ಮರುವರ್ಷ ಪುನಃ ಕಾಗದಕ್ಕೆ ಬಂತು. ಎರಡು ಸಲ ಹೋಗಿ ಎರಡು ಸಲ ಮರಳಿದ ಪರೀಕ್ಷೆ ನಮ್ಮ ಕಣ್ಣೆದುರಿಗಿದೆ. ಡಿಜಿಟಲ್ ದಾರಿಯಲ್ಲಿ ಹಿಂದಿರುಗುವುದೆಂಬುದೇ ಇಲ್ಲ ಎನ್ನುವವರು ಅದನ್ನು ನೋಡಬೇಕು.

ಇನ್ನು ಸೋರಿಕೆಯ ವಾದ. ಇದು ಪೊಳ್ಳು ಎಂದು ತಳ್ಳಿಹಾಕುವ ವಾದವಲ್ಲ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿ ನಮ್ಮ ಮಕ್ಕಳು ಬೀದಿಗಿಳಿದದ್ದನ್ನು ಕಂಡಿದ್ದೇವೆ. 2021ರಲ್ಲಿ 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಪರೀಕ್ಷೆಯ ಓಎಂಆರ್ ಹಾಳೆಗಳನ್ನೇ ತಿದ್ದಿದ ಹಗರಣವನ್ನೂ ಕಂಡಿದ್ದೇವೆ. ಕಾಗದಕ್ಕೆ ಯಾವ ಪಾವಿತ್ರ್ಯವೂ ಇಲ್ಲ. ಆದರೆ ಇಂಥ ಕೆಲಸ ಒಳಗಿನವರ ನೆರವಿಲ್ಲದೆ ನಡೆಯುವುದಿಲ್ಲ, ಒಳಗಿನವರನ್ನು ಕಂಪ್ಯೂಟರ್ ಹೊರಗಟ್ಟುವುದೂ ಇಲ್ಲ. 2021ರ ಜೆಇಇ ಮೇನ್ ಪೂರ್ತಿ ಕಂಪ್ಯೂಟರಿನಲ್ಲಿ ನಡೆದ ಪರೀಕ್ಷೆ. ಹರಿಯಾಣದ ಸೋನಿಪತ್‌ನ ಕೇಂದ್ರದ ಯಂತ್ರಗಳನ್ನು ದೂರದಿಂದಲೇ ಹಿಡಿತಕ್ಕೆ ತೆಗೆದುಕೊಂಡು ಅಭ್ಯರ್ಥಿಗಳ ಪರವಾಗಿ ಉತ್ತರ ತುಂಬಲಾಯಿತು ಎಂದು ಸಿಬಿಐ ಆರೋಪಿಸಿತು. 20 ಅಭ್ಯರ್ಥಿಗಳನ್ನು ಮೂರು ವರ್ಷ ದೂರವಿಡಲಾಯಿತು, ಪರೀಕ್ಷೆಯ ತಂತ್ರಾಂಶವನ್ನು ಭೇದಿಸಿದ ಆರೋಪದ ಮೇಲೆ ರಷ್ಯಾದ ಪ್ರಜೆಯೊಬ್ಬನನ್ನು 2022ರಲ್ಲಿ ಬಂಧಿಸಲಾಯಿತು. ಪ್ರಶ್ನೆಪತ್ರಿಕೆ ಕದ್ದರೆ ಹತ್ತಾರು ಜನರ ಬಾಯಿಗೆ ಬಿದ್ದು ಹೇಗೋ ಬಯಲಾಗುತ್ತದೆ. ಕೇಂದ್ರದ ಯಂತ್ರವನ್ನೇ ಕದ್ದು ಆಡಿಸಿದರೆ ಪಕ್ಕದಲ್ಲಿ ಕೂತವನಿಗೂ ಗೊತ್ತಾಗುವುದಿಲ್ಲ. 2024ರ ಸಾರ್ವಜನಿಕ ಪರೀಕ್ಷೆಗಳ ಅಕ್ರಮ ತಡೆ ಕಾಯ್ದೆ ಕಂಪ್ಯೂಟರ್ ಜಾಲವನ್ನು ತಿದ್ದುವುದನ್ನು ಅಪರಾಧಗಳ ಪಟ್ಟಿಯಲ್ಲೇ ಸೇರಿಸಿದೆ. ಶಾಸನ ಮಾಡಿದವರಿಗೆ ಅರಿವಿರುವ ಅಪಾಯ ನಮ್ಮ ಕುಲಪತಿಗಳಿಗೆ ಏಕೆ ಕಾಣುವುದಿಲ್ಲವೋ ತಿಳಿಯದು.

ಕಾಗದದ ವಿರುದ್ಧ ಮತ್ತೆ ಮತ್ತೆ ಎತ್ತಿ ತೋರಿಸುವ ಉದಾಹರಣೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ 2024ರ ಯುಜಿಸಿ-ನೆಟ್. ಅದು ಆ ಸಲ ಜೂನ್ 18ರಂದು ಪೆನ್ನು ಕಾಗದದಲ್ಲಿ ನಡೆಯಿತು, 9 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು, ಸೋರಿದೆಯೆಂಬ ಅನುಮಾನದ ಮೇಲೆ ಮರುದಿನವೇ ರದ್ದಾಯಿತು. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರಿಗೆ ಮರಳಿಸಿ ಮತ್ತೆ ನಡೆಸಿದರು. ಸೋರಿಕೆಗೆ ಪುರಾವೆಯೆಂದು ಹರಿದಾಡಿದ ಚಿತ್ರವೇ ತಿದ್ದಿದ್ದು ಎಂದು ಆಮೇಲೆ ಸಿಬಿಐ ಕಂಡುಕೊಂಡಿತು. ಆ ಪರೀಕ್ಷೆಯನ್ನು ಕೆಡವಿದ್ದು ಅವಸರದ ತೀರ್ಮಾನ, ಅಪವಾದ ಬಂದದ್ದು ಕಾಗದಕ್ಕೆ.

ಸೋರಿಕೆ ತಡೆಯಲು ಯಂತ್ರ ಬೇಕಿದ್ದರೆ ಅದನ್ನು ಸಂಸ್ಥೆ ತನ್ನ ಪಾಲಿನ ಕೆಲಸಕ್ಕೆ ಬಳಸಲಿ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಸಿ ಪರದೆಯ ಮೇಲೆ ಮೌಲ್ಯಮಾಪನ ಮಾಡಿಸುವ ಪದ್ಧತಿಗೆ ದಶಕಕ್ಕೂ ಹಿಂದೆಯೇ ಬಂತು. ಪ್ರಶ್ನೆಪತ್ರಿಕೆಯನ್ನು ಪರೀಕ್ಷೆಗೆ ಸ್ವಲ್ಪ ಮುಂಚೆ ಆನ್‌ಲೈನಿನಲ್ಲಿ ಕಳಿಸಿ ಕಾಲೇಜಿನಲ್ಲೇ ಮುದ್ರಿಸುವ ಕ್ರಮವೂ ನಮ್ಮಲ್ಲಿ ರೂಢಿಯಲ್ಲಿದೆ. ಇಲ್ಲಿ ವಿದ್ಯಾರ್ಥಿಯ ಕೈಯಲ್ಲಿರುವುದು ಅವನಿಗೆ ಗೊತ್ತಿರುವ ಪೆನ್ನು. ಯಂತ್ರ ಕೆಟ್ಟರೆ ಪರದಾಡುವುದು ಕುಲಸಚಿವರ ಕಚೇರಿ. ಹಾಗೆಯೇ ಇರಬೇಕು. 2024ರಲ್ಲಿ ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ನೇತೃತ್ವದ ಪರೀಕ್ಷಾ ಸುಧಾರಣೆಯ ಸಮಿತಿ ಕೂಡ ಪ್ರಶ್ನೆಪತ್ರಿಕೆಯನ್ನು ಡಿಜಿಟಲ್ ರೂಪದಲ್ಲಿ ರವಾನಿಸಿ ಉತ್ತರವನ್ನು ಕಾಗದದ ಮೇಲೆ ಪಡೆಯುವ ಮಿಶ್ರ ಮಾದರಿಯನ್ನು ಶಿಫಾರಸು ಮಾಡಿತು.

ಈಗ ನನಗೆ ಅತ್ಯಂತ ನೋವು ಕೊಡುವ ಮಾತಿಗೆ ಬರುತ್ತೇನೆ. ಮಕ್ಕಳಿಗೆ ಮೊಬೈಲ್ ಗೊತ್ತು, ಹಾಗಾಗಿ ಡಿಜಿಟಲ್ ಪರೀಕ್ಷೆಗೆ ತಯಾರಿಯೇ ಬೇಡ ಎನ್ನುವ ಮಾತು. ನೋಡದೆ ಆಡುವ ಮಾತಿದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4ರಲ್ಲಿ, ನಗರಗಳಲ್ಲಿ 23.4ರಲ್ಲಿ. ಆಮೇಲೆ ಮನೆಮನೆಗೆ ಬಂದದ್ದು ಫೋನು. ನಮ್ಮ ರಾಜ್ಯದಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮಕ್ಕಳಿಗೆ ಒಂದು ವರ್ಷ ಲ್ಯಾಪ್‌ಟಾಪ್, ಮುಂದೊಂದು ವರ್ಷ ಟ್ಯಾಬ್ ಹಂಚಿದರು. ಸಿಕ್ಕವರಿಗೆ ಸಿಕ್ಕಿತು, ಮುಂದಿನ ತಂಡದವರಿಗೆ ಇಲ್ಲ. ಹೆಬ್ಬೆರಳಿನಿಂದ ರೀಲ್ಸ್ ಸರಿಸುವುದಕ್ಕೂ, ಮೌಸ್ ಹಿಡಿದು, ಪರದೆಯ ಮೂಲೆಯಲ್ಲಿ ಓಡುವ ಗಡಿಯಾರ ನೋಡುತ್ತ, ಉದ್ದದ ಗದ್ಯಭಾಗವನ್ನು ಮೇಲೆ ಕೆಳಗೆ ಸರಿಸಿ ಓದಿ, ‘ಸೇವ್ ಅಂಡ್ ನೆಕ್ಸ್ಟ್’ ಒತ್ತಿದೆನೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುವುದಕ್ಕೂ ಯಾವ ಸಂಬಂಧವೂ ಇಲ್ಲ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ 2020ರಲ್ಲಿ ತಂದ ಅಭ್ಯಾಸದ ಸಾಧನವೂ ಫೋನಿನ ಆ್ಯಪ್ ರೂಪದ್ದೇ. ಪರೀಕ್ಷೆ ಇರುವುದು ಕಂಪ್ಯೂಟರಿನಲ್ಲಿ, ಅಭ್ಯಾಸ ಅಂಗೈಯಗಲದ ಗಾಜಿನ ಮೇಲೆ. ಈಜು ಸ್ಪರ್ಧೆಗೆ ಹೋಗುವವನನ್ನು ಬಚ್ಚಲಲ್ಲಿ ತಯಾರು ಮಾಡಿದಂತೆ.

ಕಾಗದವೋ ಪರದೆಯೋ ಎಂಬುದು ಅಂಕವನ್ನು ಬದಲಿಸುತ್ತದೆ ಎಂಬುದಕ್ಕೆ ಗಟ್ಟಿ ಅಧ್ಯಯನಗಳಿವೆ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ 2015, 2016ರಲ್ಲಿ ಒಂದೇ ಪರೀಕ್ಷೆಯನ್ನು ಕೆಲವು ಶಾಲೆಗಳ ಮಕ್ಕಳು ಕಾಗದದಲ್ಲೂ ಕೆಲವು ಶಾಲೆಗಳವರು ಕಂಪ್ಯೂಟರಿನಲ್ಲೂ ಬರೆದರು. ಮೊದಲ ವರ್ಷ ಕಂಪ್ಯೂಟರಿನವರು ಗಣಿತದಲ್ಲಿ ಸುಮಾರು ಐದು ತಿಂಗಳ ಕಲಿಕೆಯಷ್ಟು, ಇಂಗ್ಲಿಷಿನಲ್ಲಿ ಸುಮಾರು ಹನ್ನೊಂದು ತಿಂಗಳ ಕಲಿಕೆಯಷ್ಟು ಹಿಂದೆ ಬಿದ್ದರೆಂದು ಸಂಶೋಧಕರು ಅಂದಾಜು ಮಾಡಿದರು. ಎರಡನೇ ವರ್ಷ ಅಂತರ ಕಡಿಮೆಯಾಯಿತು, ಆದರೆ ಅಳಿಯಲಿಲ್ಲ. ಬಡತನವಿದ್ದರೂ ಯಂತ್ರಗಳಿಗೆ ಬರವಿಲ್ಲದ ದೇಶದ ಮಾತಿದು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅದುವರೆಗಿನ 54 ಸಂಶೋಧನೆಗಳನ್ನು ಒಟ್ಟು ಸೇರಿಸಿ ನೋಡಿತು. ಮಾಹಿತಿ ತುಂಬಿದ ಬರಹವನ್ನು ಪರದೆಗಿಂತ ಕಾಗದದಲ್ಲಿ ಓದಿದವರು ಹೆಚ್ಚು ಚೆನ್ನಾಗಿ ಗ್ರಹಿಸುತ್ತಾರೆ, ಸಮಯದ ಒತ್ತಡವಿದ್ದಾಗ ಈ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ ಎಂಬುದು ಅದರ ತೀರ್ಮಾನ. ಪರೀಕ್ಷೆಯೆಂದರೆ ಇನ್ನೇನು? ಮಾಹಿತಿ ತುಂಬಿದ ಬರಹ, ಸಮಯದ ಒತ್ತಡ.

ಕನ್ನಡ ಮಾಧ್ಯಮದ ಮಕ್ಕಳ ಪಾಡು ಇದಕ್ಕಿಂತ ಬಿಗಡಾಯಿಸಿದ್ದು. ಉತ್ತರವನ್ನು ಟೈಪ್ ಮಾಡಿ ಎಂದರೆ ಯಾವ ಕೀಲಿಮಣೆಯಲ್ಲಿ? ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ‘ನುಡಿ’ ತಂತ್ರಾಂಶದ ವಿನ್ಯಾಸ. ಅದು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದದ್ದು. ಕೇಂದ್ರ ಸರ್ಕಾರದ ಮಾನ್ಯತೆ ಪಡೆದು ವಿಂಡೋಸ್ ಜೊತೆಗೇ ಬರುವುದು ಇನ್‌ಸ್ಕ್ರಿಪ್ಟ್. ಹುಡುಗ ಹುಡುಗಿಯರಿಗೆ ಫೋನಿನಲ್ಲಿ ರೂಢಿಯಾದದ್ದು ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಮೂರನೆಯ ಬಗೆ. ಒಂದು ಒತ್ತಕ್ಷರ ಮೂಡಿಸಬೇಕಾದರೆ ನುಡಿಯಲ್ಲಿ ಎಫ್ ಕೀಲಿ ಒತ್ತಬೇಕು, ಇನ್‌ಸ್ಕ್ರಿಪ್ಟಿನಲ್ಲಿ ಡಿ ಕೀಲಿ, ಫೋನಿನಲ್ಲಿ ಎರಡೂ ಬೇಡ. ‘ಅರ್ಥಶಾಸ್ತ್ರ’ ಎಂಬ ಒಂದು ಪದ ಬರೆಯಲು ಎಷ್ಟು ಹೊತ್ತು ತಡಕಾಡಬೇಕು ಲೆಕ್ಕ ಹಾಕಿ. ಅಷ್ಟರಲ್ಲಿ ಅದೇ ಮಗು ಕಾಗದದ ಮೇಲೆ ಒಂದು ಪೂರ್ತಿ ವಾಕ್ಯ ಮುಗಿಸಿರುತ್ತಿತ್ತು. ಒಂದನೇ ತರಗತಿಯಿಂದ ಪದವಿಯವರೆಗೆ ಒಂದು ತಾಸೂ ಕನ್ನಡ ಟೈಪಿಂಗ್ ಕಲಿಸದ ವ್ಯವಸ್ಥೆ ಪರೀಕ್ಷೆಯ ದಿನ ಅದನ್ನು ಬಯಸುವುದು ಅನ್ಯಾಯ. ವಿಜ್ಞಾನದ ಮಕ್ಕಳ ಕಷ್ಟವೂ ಇದೇ ಜಾತಿಯದು. ಸಮೀಕರಣ, ರಾಸಾಯನಿಕ ರಚನೆ, ರೇಖಾಚಿತ್ರ ಇವನ್ನು ಕೈ ಸಲೀಸಾಗಿ ಬರೆಯುತ್ತದೆ, ಕೀಲಿಮಣೆ ಬರೆಯುವುದಿಲ್ಲ.

ಹೀಗೆ ಟೈಪ್ ಮಾಡಿಸುವುದು ಕಷ್ಟ ಎಂದು ಗೊತ್ತಾದ ಕೂಡಲೇ ಸಂಸ್ಥೆಗಳು ಹಿಡಿಯುವ ಸುಲಭದ ದಾರಿ ಬಹು ಆಯ್ಕೆಯ ಪ್ರಶ್ನೆ. ಸಿಯುಇಟಿ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ ಎಂದು ಸಂತೋಷಪಡುತ್ತೇವೆ. ಆದರೆ ಯಾವ ಭಾಷೆಯಲ್ಲೂ ಒಂದು ವಾಕ್ಯ ಬರೆಯುವ ಅಗತ್ಯ ಅಲ್ಲಿಲ್ಲ. ಸಾಹಿತ್ಯ, ಇತಿಹಾಸ, ರಾಜ್ಯಶಾಸ್ತ್ರಗಳು ನಾಲ್ಕು ಗುಂಡಿಗಳೊಳಗೆ ಮುದುಡಿದರೆ ತರಗತಿಯೂ ಹಾಗೆಯೇ ಮುದುಡುತ್ತದೆ, ಪರೀಕ್ಷೆಗೆ ಬಾರದ್ದನ್ನು ಯಾವ ಮಗುವೂ ಓದುವುದಿಲ್ಲ. ವಚನವೊಂದರ ಆಶಯವನ್ನು ತನ್ನ ಮಾತಿನಲ್ಲಿ ಹೇಳಬಲ್ಲ ವಿದ್ಯಾರ್ಥಿಗೂ ವಚನಕಾರರ ಅಂಕಿತಗಳನ್ನು ಬಾಯಿಪಾಠ ಮಾಡಿದವನಿಗೂ ನಡುವೆ ಯಂತ್ರ ವ್ಯತ್ಯಾಸ ಕಾಣುವುದಿಲ್ಲ. ಮೌಲ್ಯಮಾಪಕರ ಮನಸ್ಸಿನ ಏರಿಳಿತ ತಪ್ಪಿತು ಎನ್ನುವವರು ಅದರ ಜೊತೆಗೆ ಮೌಲ್ಯಮಾಪಕರ ಮನಸ್ಸೂ ಹೋಯಿತು ಎಂಬುದನ್ನು ಹೇಳುವುದಿಲ್ಲ. ಇನ್ನೊಂದು ಪೆಟ್ಟು ನಾರ್ಮಲೈಸೇಶನ್. ಎಲ್ಲರಿಗೂ ಒಟ್ಟಿಗೆ ಸಾಲುವಷ್ಟು ಯಂತ್ರಗಳಿಲ್ಲ, ಹಾಗಾಗಿ ಹಲವು ಪಾಳಿ, ಪಾಳಿಗೊಂದು ಪ್ರಶ್ನೆಪತ್ರಿಕೆ, ಅವುಗಳ ಏರುಪೇರು ಸರಿದೂಗಿಸಲು ಸೂತ್ರ. ತಾನು ಸರಿಯಾಗಿ ಉತ್ತರಿಸಿದ್ದೆಷ್ಟು, ತನಗೆ ಬಂದದ್ದೆಷ್ಟು ಎಂಬ ಲೆಕ್ಕ ಮಗುವಿಗೂ ತಿಳಿಯದು, ಹೆತ್ತವರಿಗೂ ತಿಳಿಯದು. ಉತ್ತರಪತ್ರಿಕೆಯ ನೆರಳಚ್ಚು ತರಿಸಿ, ಇಗೋ ಇಲ್ಲಿ ಎರಡು ಅಂಕ ಬಿಟ್ಟಿದ್ದೀರಿ ಎಂದು ಬೆರಳಿಟ್ಟು ಕೇಳುವ ಹಕ್ಕನ್ನು ನಮ್ಮ ವಿದ್ಯಾರ್ಥಿಗಳು ಹೋರಾಡಿ ಪಡೆದಿದ್ದರು. ಸೂತ್ರದ ಮೇಲೆ ಬೆರಳಿಡುವುದು ಎಲ್ಲಿ?

ಮನೆಯಿಂದ ಬರೆಸುವ ಪರೀಕ್ಷೆಯ ಕ್ಯಾಮೆರಾ ಕಣ್ಗಾವಲಿನ ಬಗ್ಗೆಯೂ ಎರಡು ಮಾತು. ಪರೀಕ್ಷೆಗೆ ಮುಂಚೆ ಕೋಣೆಯನ್ನೆಲ್ಲ ತಿರುಗಿಸಿ ತೋರಿಸಬೇಕು, ಕಣ್ಣು ಅತ್ತಿತ್ತ ಸರಿದರೆ ಗುರುತು ಬೀಳುತ್ತದೆ, ಪಕ್ಕದಲ್ಲಿ ದನಿ ಕೇಳಿದರೆ ಅನುಮಾನ. ಒಂದೇ ಕೋಣೆಯ ಮನೆಯಲ್ಲಿ ಅಜ್ಜಿ ಕೆಮ್ಮುತ್ತಾಳೆ, ತಮ್ಮ ಅಳುತ್ತಾನೆ, ಕುಕ್ಕರ್ ಕೂಗುತ್ತದೆ. ಅಲ್ಲಿ ಬಡತನವೇ ನಕಲಿನ ಲಕ್ಷಣದಂತೆ ದಾಖಲಾಗುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಲಗುವ ಕೋಣೆಯನ್ನು ಕ್ಯಾಮೆರಾಕ್ಕೆ ತೋರಿಸಬೇಕಾಗಿ ಬಂದ ವಿದ್ಯಾರ್ಥಿಯೊಬ್ಬ ಮೊಕದ್ದಮೆ ಹೂಡಿದಾಗ, ಅದು ಸಂವಿಧಾನಬಾಹಿರ ಶೋಧ ಎಂದು ಅಲ್ಲಿನ ಫೆಡರಲ್ ನ್ಯಾಯಾಲಯ 2022ರಲ್ಲಿ ತೀರ್ಪು ಕೊಟ್ಟಿತು. ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ಹಕ್ಕು ಹಾಲ್ ಟಿಕೆಟ್ ಹಿಡಿದ ಕೂಡಲೇ ಕರಗುವಂಥದ್ದಲ್ಲ. ಪಾಠವನ್ನೆಲ್ಲ ಆನ್‌ಲೈನಿನಲ್ಲೇ ಹೇಳುವ ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಪದವಿ ಕೂಡ ಪರೀಕ್ಷೆಗೆ ಮಾತ್ರ ವಿದ್ಯಾರ್ಥಿಗಳನ್ನು ಕೇಂದ್ರಕ್ಕೆ ಕರೆಸುತ್ತದೆ. ತಂತ್ರಜ್ಞಾನ ಬಲ್ಲವರ ಎಚ್ಚರ ಅಂಥದ್ದು.

ಅಂಧ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ವರವಲ್ಲವೇ ಎಂಬ ಪ್ರಶ್ನೆಯನ್ನು ಪ್ರಾಮಾಣಿಕರು ಕೇಳುತ್ತಾರೆ. ಹೌದು, ಓದಿ ಹೇಳುವ ತಂತ್ರಾಂಶ ಹಲವರ ಬದುಕನ್ನೇ ಬದಲಿಸಿದೆ, ಅದನ್ನು ಬೇಡುವವರಿಗೆ ಅದು ಸಿಗಲೇಬೇಕು. ಆದರೆ 2020ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂತಿಮ ವರ್ಷದವರಿಗೆ ಆನ್‌ಲೈನ್ ತೆರೆದ ಪುಸ್ತಕ ಪರೀಕ್ಷೆ ಹೇರಿದಾಗ ಅದರ ವಿರುದ್ಧ ಹೈಕೋರ್ಟಿಗೆ ಹೋದವರಲ್ಲಿ ರಾಷ್ಟ್ರೀಯ ಅಂಧರ ಒಕ್ಕೂಟವೂ ಇತ್ತು. ಅಣಕು ಪರೀಕ್ಷೆಯ ದಿನಗಳಲ್ಲೇ ಆ ಪೋರ್ಟಲ್ ಕುಸಿದಿತ್ತು. ಯಾರ ಹೆಸರು ಹೇಳಿ ಡಿಜಿಟಲ್ ಪರೀಕ್ಷೆಯನ್ನು ಸಮರ್ಥಿಸುತ್ತಾರೋ ಅವರನ್ನು ಕೇಳದೆಯೇ ಅದನ್ನು ರೂಪಿಸಿದರೆ ಹೀಗಾಗುತ್ತದೆ. ಮಲೆನಾಡಿನ ಮಕ್ಕಳೂ ಇದೇ ಮಾತು ಹೇಳಿಯಾರು. ಸುಳ್ಯ ತಾಲೂಕಿನಲ್ಲಿ ರಸ್ತೆಬದಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು 2021ರಲ್ಲಿ ನಾಡೆಲ್ಲ ನೋಡಿತು. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳು ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಎಂದು ಚಳವಳಿ ಹೂಡಿದ್ದೂ ಅದೇ ವರ್ಷ.

ಆದ್ದರಿಂದ ನಮ್ಮ ವಿಶ್ವವಿದ್ಯಾಲಯಗಳ ಕುಲಪತಿಗಳನ್ನೂ, ಮೌಲ್ಯಮಾಪನ ಕುಲಸಚಿವರನ್ನೂ, ವಿದ್ಯಾವಿಷಯಕ ಪರಿಷತ್ತಿನ ಸದಸ್ಯರನ್ನೂ ಕೇಳಿಕೊಳ್ಳುತ್ತೇನೆ. ಸೆಮಿಸ್ಟರ್ ಪರೀಕ್ಷೆಯನ್ನು ಪರದೆಗೆ ಏರಿಸುವ ನಿರ್ಣಯಕ್ಕೆ ಸಹಿ ಹಾಕುವ ಮುನ್ನ ಆ ಯಂತ್ರವನ್ನು ಮೊದಲು ತರಗತಿಗೆ ತನ್ನಿ. ಯಾವ ತಂತ್ರಾಂಶದಲ್ಲಿ ಪರೀಕ್ಷೆಯೋ ಅದೇ ತಂತ್ರಾಂಶದಲ್ಲಿ, ಯಾವ ಕೀಲಿಮಣೆಯಲ್ಲಿ ಪರೀಕ್ಷೆಯೋ ಅದೇ ಕೀಲಿಮಣೆಯಲ್ಲಿ ಸೆಮಿಸ್ಟರ್ ಪೂರ್ತಿ ಇಂಟರ್ನಲ್ಸ್ ಬರೆಸಿ. ಒಂದು ಕೊಠಡಿಗೆ ನಾಲ್ಕಾರು ಯಂತ್ರ ಹೆಚ್ಚಿಗೆ ಇಟ್ಟಿರಿ, ಯುಪಿಎಸ್ ಇಟ್ಟಿರಿ, ಕಳೆದ ಒಂದೊಂದು ನಿಮಿಷವನ್ನೂ ಅಲ್ಲೇ, ಆಗಲೇ ಹಿಂದಿರುಗಿಸುವ ಅಧಿಕಾರವನ್ನು ಕೊಠಡಿ ಮೇಲ್ವಿಚಾರಕರಿಗೆ ಕೊಡಿ. ವಿದ್ಯಾರ್ಥಿ ಏನು ಒತ್ತಿದ, ಯಾವಾಗ ಒತ್ತಿದ ಎಂಬ ದಾಖಲೆಯ ಪ್ರತಿಯನ್ನು ಅವನ ಕೈಗೂ ಕೊಡಿ. ನಿಮ್ಮ ಸರ್ವರ್ ಬಿದ್ದು ಪರೀಕ್ಷೆ ಮುಂದಕ್ಕೆ ಹೋದರೆ ಮಕ್ಕಳ ಬಸ್ ಖರ್ಚನ್ನು ನೀವು ಕೊಡಿ. ಇದನ್ನೆಲ್ಲ ಮಾಡಿದ ಮೇಲೂ ಕಾಗದದಲ್ಲಿ ಬರೆಯುತ್ತೇನೆ ಎನ್ನುವ ವಿದ್ಯಾರ್ಥಿಗೆ ಕಾಗದ ಕೊಡಿ. ಇಷ್ಟಕ್ಕೆ ಹಣವಿಲ್ಲ ಎನ್ನುವುದಾದರೆ ಡಿಜಿಟಲ್ ಪರೀಕ್ಷೆ ನಡೆಸುವ ಶಕ್ತಿ ನಿಮಗಿಲ್ಲ ಎಂದೇ ಅರ್ಥ. ಅದನ್ನು ಬಹಿರಂಗವಾಗಿ ಹೇಳಿ, ನಿರ್ಣಯವನ್ನು ಹಿಂದಕ್ಕೆ ಪಡೆಯಿರಿ.